ಖಂಬಾಟ್ಕಿ ಘಾಟಿನ್ಯಾಗ ಬಂದ್ ಬಿದ್ದ ಕಾರು, ಕ್ರ್ಯಾಂಕ್ ಸೆನ್ಸರ್ ಬದಲಿ ಮಾಡಿದ ಪೂರ್ತಿ ಲೆಕ್ಕ

ಕ್ರ್ಯಾಂಕ್ ಸೆನ್ಸರ್ ಅಂದ್ರ ಎಂಜಿನ್ ತಿರಗಾಕತ್ತೈತಿ ಅನ್ನೂ ಸುದ್ದಿ ಎಂಜಿನ್ನಿನ ಕಂಪ್ಯೂಟರಿಗೆ ಮುಟ್ಟಿಸೂ ಸಣ್ಣ ಸಾಮಾನು. ಅದನ್ನ ಬದಲಿ ಮಾಡೂ ಈ ಕೆಲಸ ಮೇ 2ಕ್ಕ ಮುಗೀತು. ಶುರು ಆಗಿದ್ದು ಮಾರ್ಚ್ 18ಕ್ಕ. ನಡುವ ಒಂದೂವರಿ ತಿಂಗಳು ಹೋತು, ಅದರಾಗ ಸರಿಯಾದ ಸೆನ್ಸರ್ ಕೂಡ್ಸಾಕ ಹತ್ತಿದ್ದು ಬರೇ ಅರ್ಧ ತಾಸು, ಉಳಿದಿದ್ದೆಲ್ಲಾ ತಪ್ಪು ಜಾಗಾದಾಗ ಹುಡುಕಿದ್ದು, ತಪ್ಪು ಸಾಮಾನು ತಂದಿದ್ದು, ಮತ್ತ ತಣ್ಣಗಿದ್ದಾಗ ಅಳೆದು ಸೆನ್ಸರ್ ಚೊಲೋ ಐತಿ ಅಂತ ನಂಬಿ ಕೂತಿದ್ದು. ನನ್ನಂಗ ಮತ್ಯಾರರ ಮನಿ ಮಂದೀನ್ನ ಕೂಡ್ಸಿಕೊಂಡು ಘಾಟ್ ಹತ್ತಬೇಕಾದವರು ಇದನ್ನ ಓದಿದ್ರ ಆ ಒಂದೂವರಿ ತಿಂಗಳು ಉಳೀಲಿ ಅಂತ ಎಲ್ಲಾ ಬರದಿಡಾಕತ್ತೀನಿ.

ಗಾಡಿ 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್, ನಾಲ್ಕು ಸಿಲಿಂಡರ್, ಓಡಿದ್ದು 1,14,000 ಕಿಲೋಮೀಟರ್. ಕಂಪನಿ ಹೆಸರು ಬರಿಯೂದಿಲ್ಲ, ಈ ರೋಗ ಎಲ್ಲಾ ಕಂಪನಿ ಗಾಡಿಗೂ ಬರ್ತೈತಿ.

1. ಮಾರ್ಚ್ 18, ಖಂಬಾಟ್ಕಿ

ಯುಗಾದಿಗೆ ಧಾರವಾಡಕ್ಕ ಹೊಂಟಿದ್ವಿ. ನಾನು, ನನ್ನ ಹೆಂಡ್ತಿ, ಹಿಂದಿನ ಸೀಟಿನ್ಯಾಗ ಅವ್ವ. ಪುಣೆಯಿಂದ ಸಾತಾರಾ ಕಡೆ ಹೋಗೂವಾಗ ನಾವು ಹಿಡದಿದ್ದು ಖಂಬಾಟ್ಕಿ ಘಾಟಿನ ಏರು ದಾರಿ. ಮಧ್ಯಾಹ್ನ ಹನ್ನೆರಡೂವರಿ, ಎಸಿ ಹಚ್ಚಿತ್ತು, ಎರಡನೇ ಗೇರಿನ್ಯಾಗ ಒಂದು ಲಾರಿ ಹಿಂದ ಹತ್ತಾಕತ್ತಿದ್ವಿ, ಒಮ್ಮಿಂದೊಮ್ಮೆಲೆ ಎಂಜಿನ್ ಸುಮ್ನಾತು. ಜರ್ಕ್ ಇಲ್ಲ, ಸಪ್ಪಳ ಇಲ್ಲ, ಸ್ವಿಚ್ ಆಫ್ ಮಾಡಿದಂಗ. ಹೆಂಗೋ ಎಡಕ್ಕ ತಗೊಂಡು ಹ್ಯಾಂಡ್‌ಬ್ರೇಕ್ ಎಳದೆ, ಹೆಂಡ್ತಿ ಇಳದು ಹಿಂದಿನ ಗಾಲಿಗೆ ಒಂದು ದೊಡ್ಡ ಕಲ್ಲು ಕೊಟ್ಲು.

ಸೆಲ್ಫ್ ಹೊಡೆದ್ರ ಜೋರಾಗೇ ತಿರಗತೈತಿ, ಬ್ಯಾಟರಿ ಗಟ್ಟಿ ಐತಿ, ಆದ್ರ ಹತ್ತವಲ್ದು. ಟೆಂಪರೇಚರ್ ಮುಳ್ಳು ನಡುವ ಐತಿ, ಅಂದ್ರ ಬಿಸಿ ಹೆಚ್ಚಾಗಿಲ್ಲ. ನಲವತ್ತು ನಿಮಿಷ ಬಿಸಲಾಗ ಕೂತ್ವಿ, ಆಮ್ಯಾಲೆ ಒಂದೇ ಸೆಲ್ಫಿಗೆ ಚಾಲೂ ಆತು, ಏನೂ ಆಗೇ ಇಲ್ಲ ಅನ್ನೂವಂಗ. ಸಂಜಿ ತನಕ ಧಾರವಾಡ ಮುಟ್ಟಿದ್ವಿ, ದಾರ್ಯಾಗ ಮತ್ತೇನೂ ತ್ರಾಸ ಆಗಲಿಲ್ಲ.

ಅವತ್ತ ನಾ ಒಂದು ಮಾತು ಲಕ್ಷ್ಯಕ್ಕ ತಗೊಂಡಿದ್ರ ಇಡೀ ಕೆಲಸ ಒಂದು ವಾರದಾಗ ಮುಗೀತಿತ್ತು. ಎಂಜಿನ್ ಬಂದ್ ಆಗೂವಾಗ ಗಾಡಿ ಇನ್ನೂ ಗೇರಿನ್ಯಾಗ ಇತ್ತು, ಗಾಲಿ ತಿರಗಾಕತ್ತಿದ್ವು, ಅಂದ್ರ ಎಂಜಿನ್ ಸುದ್ದಾ ಗಾಲಿ ಜೋಡಿ ತಿರಗಾಕತ್ತಿತ್ತು, ಆದ್ರ ಆರ್‌ಪಿಎಂ ಮುಳ್ಳು ಮಾತ್ರ ಟಪ್ ಅಂತ ಸೊನ್ನೆಗೆ ಬಿದ್ದಿತ್ತು. ಪೆಟ್ರೋಲ್ ನಿಂತು ಬಂದ್ ಆಗಿದ್ರ ಮುಳ್ಳು ಗಾಡಿ ವೇಗದ ಜೋಡಿ ನಿಧಾನಕ್ಕ ಇಳೀತಿತ್ತು. ಹಂಗ ಟಪ್ ಅಂತ ಬಿದ್ರ ಎಂಜಿನ್ ತಿರಗಾಕತ್ತೈತಿ ಅನ್ನೂ ಸುದ್ದೀನ ಇಸಿಯುಗೆ (ಎಂಜಿನ್ ನಡಸೂ ಕಂಪ್ಯೂಟರಿಗೆ) ಮುಟ್ಟವಲ್ದು ಅಂತ ಅರ್ಥ. ನನ್ನ ಹೆಂಡ್ತಿ ಅಲ್ಲೇ ಹೇಳಿದ್ಲು, "ಏನ್ರಿ, ಆ ಮುಳ್ಳು ಮೊದಲ ಬಿತ್ತು ನೋಡ್ರಿ" ಅಂತ. ನಾ ಕಿವಿಗೆ ಹಾಕ್ಕೊಳ್ಳಲಿಲ್ಲ.

2. ಮಾರ್ಚ್ 25, ಪೆಟ್ರೋಲ್ ಪಂಪ್ ಬದಲಿ, 4,200 ರೂಪಾಯಿ ನೀರಾಗ

ಪುಣೆಗೆ ಬಂದ ಮ್ಯಾಲೆ ಒಂದು ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ಕೇಳಿದ ಕೂಡಲೇ ಅಂದ, ಬಿಸಿಯಾದ ಮ್ಯಾಲೆ ಬಂದ್ ಬೀಳ್ತೈತಿ, ತಣ್ಣಗಾದ ಮ್ಯಾಲೆ ಚಾಲೂ ಆಗತೈತಿ, ಅಂದ್ರ ಪಂಪ್ ಹೋಗೇತಿ. ಕೇಳಾಕ ಖರೇ ಅನಸ್ತು, ಪಂಪಿಗೂ ಹಂಗ ಆಗೂದು ಉಂಟು. ಟ್ಯಾಂಕಿನ್ಯಾಗಿನ ಪಂಪ್, ಫಿಲ್ಟರ್, ಮಜೂರಿ ಸೇರಿ 4,200 ಕೊಟ್ಟು ಬಂದೆ. ಪ್ರೆಶರ್ ಗೇಜ್ ಹಚ್ಚಿ ನೋಡ್ರಿ ಅಂತ ನಾನೂ ಕೇಳಲಿಲ್ಲ, ಅವನೂ ಹಚ್ಚಲಿಲ್ಲ. ಆ ತಪ್ಪು ಇಬ್ಬರದೂ ಹೌದು.

3. ಏಪ್ರಿಲ್ 3, ನವಲೆ ಬ್ರಿಜ್ ಇಳುಕಲು

ಹೊಸಾ ಕಾತ್ರಜ್ ಬೋಗದಾ ದಾಟಿ ನವಲೆ ಬ್ರಿಜ್ ಕಡೆ ಇಳೀಬೇಕಾದ್ರ ಎರಡನೇ ಸಲ ಬಂದ್ ಬಿತ್ತು. ಪುಣೆಯಾಗ ಇರೋರಿಗೆ ಆ ಇಳುಕಲು ಹೆಂಥಾದ್ದು ಅಂತ ಹೇಳಬೇಕಾಗಿಲ್ಲ, ಅಲ್ಲಿ ಎಷ್ಟು ಅಪಘಾತ ಆಗ್ಯಾವು. ಹಿಂದ ಲೋಡ್ ಆದ ಟ್ರಕ್, ನನ್ನ ಎಂಜಿನ್ ಬಂದ್. ಎಂಜಿನ್ ಬಂದ್ ಆದ ಮ್ಯಾಲೆ ಬ್ರೇಕ್ ಎರಡು ಮೂರು ಸಲ ಅಷ್ಟ ಮೆತ್ತಗ ಹತ್ತತೈತಿ, ಬ್ರೇಕಿಗೆ ಬಲ ಕೊಡೂ ಬೂಸ್ಟರಿನ್ಯಾಗಿನ ವ್ಯಾಕ್ಯೂಮ್ ಮುಗದ್ರ ಪೆಡಲ್ ಕಲ್ಲಾಗತೈತಿ, ಸ್ಟೀರಿಂಗೂ ಭಾರ. ಇಂಥಾ ಹೊತ್ತಿನ್ಯಾಗ ಬ್ರೇಕ್ ಪಂಪ್ ಹೊಡೀಬ್ಯಾಡ್ರಿ, ಒಮ್ಮೆ ಒತ್ತಿ ಹಿಡೀರಿ, ಹಝಾರ್ಡ್ ಲೈಟ್ ಹಾಕ್ರಿ, ಕೀ ಮಾತ್ರ ಪೂರ್ತಿ ಹಿಂದ ತಿರುಗಿಸಬ್ಯಾಡ್ರಿ, ಸ್ಟೀರಿಂಗ್ ಲಾಕ್ ಆದೀತು. ನಾ ಸರ್ವಿಸ್ ರೋಡಿಗೆ ತಗೊಂಡು ನಿಂದ್ರಿಸಿದೆ, ಕೈ ಹತ್ತು ನಿಮಿಷ ನಡುಗಾಕತ್ತಿದ್ವು. ಇನ್ನ ಮ್ಯಾಲೆ ಅಂದಾಜಿನ ಮ್ಯಾಲೆ ಒಂದು ಸಾಮಾನೂ ಬದಲಿ ಮಾಡಬಾರದು, ಅಳೆದ ಮಾಡಬೇಕು ಅಂತ ಅವತ್ತ ಗಟ್ಟಿ ಮಾಡಿದೆ.

4. ಏಪ್ರಿಲ್ 5ರಿಂದ 11, ಕೋಡ್ ಮತ್ತ ಮೂರು ಪರೀಕ್ಷೆ

650 ರೂಪಾಯಿದ ಬ್ಲೂಟೂತ್ ಒಬಿಡಿ ಡಾಂಗಲ್ (ಇಸಿಯುದಾಗಿನ ಮಾಹಿತಿ ಫೋನಿನ್ಯಾಗ ತೋರ್ಸೂ ಸಣ್ಣ ಡಬ್ಬಿ) ತರಿಸಿದೆ, ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿ ಫೋನಿನ್ಯಾಗ ನೋಡಿದ್ರ ದೋಷ ಹೇಳೂ ಕೋಡ್ ಒಂದೂ ಇಲ್ಲ. ಚೆಕ್ ಎಂಜಿನ್ ಲೈಟ್ ಸುದ್ದಾ ಹತ್ತಿರಲಿಲ್ಲ. ಕೋಡ್ ಇಲ್ಲ ಅಂದ್ರ ಸೆನ್ಸರ್ ಚೊಲೋ ಐತಿ ಅಂತ ತಿಳ್ಕೋಬ್ಯಾಡ್ರಿ, ಗಾಡಿ ಹತ್ತದ ಹೊತ್ತಿನ್ಯಾಗ ಲೈವ್ ಡೇಟಾ ನೋಡೂದ ಖರೇ ಪರೀಕ್ಷೆ.

ಏಪ್ರಿಲ್ 11ಕ್ಕ ಸೊಸೈಟಿ ಪಾರ್ಕಿಂಗಿನ್ಯಾಗ ಎಸಿ ಹಚ್ಚಿ ಐಡಲ್ ಬಿಟ್ಟೆ. ಹೊರಗ 38 ಡಿಗ್ರಿ. ರೇಡಿಯೇಟರ್ ಫ್ಯಾನ್ ಎಷ್ಟೋ ಸಲ ತಿರುಗಿ ನಿಂತಿತು, 52 ನಿಮಿಷಕ್ಕ ಎಂಜಿನ್ ಬಂದ್ ಬಿತ್ತು. ಮನಿ ಮುಂದ ಬಂದ್ ಬಿತ್ತಲ್ಲ ಅಂತ ಅಷ್ಟು ಖುಷಿ ಆಗಿದ್ದು ಅದ ಮೊದಲು. ಲಗೂನ ಮೂರು ನೋಡಿದೆ.

ಒಂದು, ಕೀ ಆನ್ ಮಾಡಿದ್ರ ಹಿಂದಿನ ಸೀಟ್ ಕೆಳಗ ಪಂಪಿನ ಗುಂಯ್ ಸಪ್ಪಳ ಎರಡು ಸೆಕೆಂಡ್ ಬರ್ತೈತಿ. ಪಂಪಿಗೆ ಕರೆಂಟ್ ಮುಟ್ಟಾಕತ್ತೈತಿ.

ಎರಡು, ಒಂದನೇ ಸಿಲಿಂಡರಿನ ಕಿಡಿ ಕೊಡೂ ಕಾಯಿಲ್ ತಗದು ಒಂದು ಹಳೇ ಪ್ಲಗ್ ಹಚ್ಚಿ, ಪ್ಲಗ್ಗಿನ ಮೈ ಎಂಜಿನ್ನಿಗೆ ಜಂಪರ್ ವಾಯರ್‌ದಿಂದ ಕಟ್ಟಿ, ಹೆಂಡ್ತೀಗೆ ಸೆಲ್ಫ್ ಹೊಡಿ ಅಂದೆ. ಕಿಡಿ ಇಲ್ಲ. ಮುಂಜಾನೆ ತಣ್ಣಗಿದ್ದಾಗ ಇದ ಪ್ಲಗ್ಗಿಗೆ ನೀಲಿ ಕಿಡಿ ಬಂದಿತ್ತು. ಇದನ್ನ ಮಾಡೂವಾಗ ಇಂಜೆಕ್ಟರ್ ಕನೆಕ್ಟರ್ ಬಿಚ್ಚಿಡ್ರಿ, ಪೆಟ್ರೋಲ್ ಆವಿ ಹತ್ರ ಕಿಡಿ ಬ್ಯಾಡ.

ಮೂರು, ಸೆಲ್ಫ್ ಹೊಡೂವಾಗ ಫೋನಿನ್ಯಾಗ ಆರ್‌ಪಿಎಂ: ತಣ್ಣಗಿದ್ದಾಗ 220ರ ಆಸುಪಾಸು, ಈಗ ಬರೇ 0. ಎಂಜಿನ್ ಕಣ್ಣ ಮುಂದ ತಿರಗಾಕತ್ತೈತಿ, ಇಸಿಯು ನಿಂತೈತಿ ಅನ್ನಾಕತ್ತೈತಿ. ಮೂರ್ನಾಲ್ಕು ಸಲ ಹೊಡೆದ ಮ್ಯಾಲೆ ಕೋಡೂ ಬಂತು, ಪಿ0335, ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್ ಸರ್ಕ್ಯೂಟ್.

ಈ ಕೋಡಿನ ಅರ್ಥ ಸರ್ಕ್ಯೂಟ್ ಅಂತ ಅಷ್ಟ. ಸೆನ್ಸರ್ ಇರಬಹುದು, ವಾಯರ್ ಇರಬಹುದು, ಕನೆಕ್ಟರ್ ಇರಬಹುದು.

5. ಏಪ್ರಿಲ್ 12, ಸೆನ್ಸರ್ ಎಲ್ಲೈತಿ ಅಂತ ಹುಡುಕಿದ್ದು

ವಿಡಿಯೋದಾಗ ಕ್ರ್ಯಾಂಕ್ ಪುಲ್ಲಿ ಹತ್ರ ತೋರ್ಸಿದ್ರು, ಅದನ್ನ ನಂಬಿದೆ. ಜ್ಯಾಕ್ ಹಾಕಿ, ಅದರ ಮ್ಯಾಲೆ ಭರೋಸಾ ಇಡದೇ ಸ್ಟ್ಯಾಂಡ್ ಕೊಟ್ಟು, ಪುಲ್ಲಿ ಕಡೆ ಮುಂದಿನ ಗಾಲಿ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಕವರಿನ ಏಳು ಕ್ಲಿಪ್ ತಗದು (ಎರಡು ಮುರದ್ವು) ಕೈ ಹಾಕಿದ್ರ ಅಲ್ಲಿ ಒಂದು ಸೆನ್ಸರಿನಂಥಾದ್ದು ಸಿಕ್ತು. ಆದ್ರ ಅದಕ್ಕ ಒಂದೇ ವಾಯರ್. ಒಂದೇ ವಾಯರಿಂದು ಕ್ರ್ಯಾಂಕ್ ಸೆನ್ಸರ್ ಇರಾಕ ಸಾಧ್ಯ ಇಲ್ಲ, ಅದು ಆಯಿಲ್ ಪ್ರೆಶರ್ ಸ್ವಿಚ್. ಎರಡು ತಾಸು ಹೋತು.

ಹುಬ್ಬಳ್ಳಿಯಾಗ ಡೀಸೆಲ್ ಪಂಪಿನ ವರ್ಕ್‌ಶಾಪಿನ್ಯಾಗ ಕೆಲಸ ಮಾಡೋ ನನ್ನ ತಮ್ಮಗ ಫೋನ್ ಹಚ್ಚಿದೆ. "ಅಣ್ಣಾ, ಪುಲ್ಲಿ ಕಡೆ ಇಲ್ಲಂದ್ರ ಗೇರ್‌ಬಾಕ್ಸ್ ಕಡೆ ನೋಡು, ಫ್ಲೈವೀಲ್ ಮ್ಯಾಲೆ. ಏರ್ ಫಿಲ್ಟರ್ ಡಬ್ಬಿ ತಗಿ, ಮ್ಯಾಲಿಂದ ಕಾಣಸ್ತೈತಿ" ಅಂದ. ಡಬ್ಬಿ ತಗದ್ರ, ಎಂಜಿನ್ ಮತ್ತ ಗೇರ್‌ಬಾಕ್ಸ್ ಕೂಡೂ ಜಾಗಾದಾಗ, ಬೆಲ್ ಹೌಸಿಂಗಿನ (ಫ್ಲೈವೀಲ್ ಮುಚ್ಚಿದ ಕವರಿನ) ನೆತ್ತಿ ಮ್ಯಾಲೆ, ಕಪ್ಪು ಪ್ಲಾಸ್ಟಿಕ್ ಮೈ, ಎರಡು ವಾಯರ್, ಒಂದೇ 10 ಎಂಎಂ ತಲಿ ಬೋಲ್ಟ್. ಸ್ಟಾರ್ಟರ್ ಮೋಟರ್ ಅಲ್ಲೇ ಬಾಜೂಕ ಐತಿ, ಅದರ ದಪ್ಪ ಕೇಬಲ್ಲಿನ್ಯಾಗ ಯಾವಾಗಲೂ ಕರೆಂಟ್ ಇರ್ತೈತಿ, ಅದಕ್ಕ ಬ್ಯಾಟರಿ ಮೈನಸ್ ಮೊದಲ ಬಿಚ್ಚಬೇಕು. ನಾ ಬಿಚ್ಚಿದ್ನಿ.

6. ಅದೇ ದಿನ, ತಣ್ಣನೇ ಅಳತಿ ನಂಬಿ ಕೆಟ್ಟಿದ್ದು

ಕನೆಕ್ಟರ್ ತಗದು ಸೆನ್ಸರಿನ ಎರಡು ಪಿನ್ನಿಗೆ ಮೀಟರ್ ಹಚ್ಚಿದ್ರ 870 ಓಮ್ (ಕರೆಂಟಿಗೆ ಆಗೂ ತಡೆಯ ಅಳತಿ). ಎರಡು ವಾಯರಿನ ಈ ಕಾಯಿಲ್ ಟೈಪ್ ಸೆನ್ಸರ್ ಭಾಳಷ್ಟು ಗಾಡಿಯಾಗ 500ರಿಂದ 1000ದ ಒಳಗ ಇರ್ತಾವ, ಅಂದ್ರ ಚೊಲೋ ಐತಿ ಅನ್ಕೊಂಡೆ. ಬ್ಯಾಟರಿ ಮತ್ತ ಕಟ್ಟಿ, ಮೀಟರ್ ಎಸಿ ವೋಲ್ಟಿಗೆ (ಇದು ತಂಪಿನ ಎಸಿ ಅಲ್ಲ, ಆಲ್ಟರ್ನೇಟಿಂಗ್ ಕರೆಂಟ್) ಇಟ್ಟು ಸೆಲ್ಫ್ ಹೊಡಿಸಿದೆ, 0.9 ವೋಲ್ಟ್. ಅದೂ ಚೊಲೋ. (ಮೂರು ವಾಯರ್ ಇದ್ರ ಅದು ಹಾಲ್ ಟೈಪ್ ಇರಬಹುದು, ಅದಕ್ಕ ಓಮ್ ಹಚ್ಚಿ ನೋಡಬ್ಯಾಡ್ರಿ, ಒಳಗ ಎಲೆಕ್ಟ್ರಾನಿಕ್ಸ್ ಇರ್ತೈತಿ. ಕೆಲವು ಗಾಡಿಯಾಗ ಮೂರನೇದು ಬರೇ ಶೀಲ್ಡ್ ವಾಯರ್ ಇರೂದೂ ಉಂಟು, ಮೊದಲ ಸರ್ಕ್ಯೂಟ್ ಚಿತ್ರ ನೋಡ್ರಿ.)

ಸೆನ್ಸರ್ ಚೊಲೋ, ಅಂದ್ರ ವಾಯರ್ ಕೆಟ್ಟೈತಿ ಅಂತ ತೀರ್ಮಾನಕ್ಕ ಬಂದು, ಮುಂದಿನ ಭಾನುವಾರ ಇಡೀ ದಿನ ಹಾರ್ನೆಸ್ಸಿನ (ವಾಯರ್ ಕಟ್ಟಿನ) ಟೇಪ್ ಬಿಚ್ಚಿಕೊಂತ ಇಸಿಯು ತನಕ ಹೋದೆ. ಎರಡೂ ವಾಯರ್ 1 ಓಮಿಗಿಂತ ಕಡಿಮಿ, ಅರ್ಥಿಗೆ ಎಲ್ಲೂ ತಾಗಿಲ್ಲ, ಎಳದು ಅಲುಗಾಡ್ಸಿದ್ರೂ ಮೀಟರ್ ಅಳ್ಳಾಡಲಿಲ್ಲ. ಬ್ರ್ಯಾಕೆಟ್ ಹತ್ರ ಒಂದು ಕಡೆ ಕಾಂಡ್ಯೂಟ್ (ವಾಯರ್ ಮ್ಯಾಲಿನ ಕೊಳವಿ) ಸವದಿತ್ತು, ಒಳಗಿನ ವಾಯರ್ ಬರೋಬ್ಬರಿ ಇದ್ವು. ಸಂಜಿಗೆ ತಮ್ಮಗ ಮತ್ತ ಫೋನ್.

"ಅಣ್ಣಾ, ಗಾಡಿ ಬಂದ್ ಬೀಳೂದು ಯಾವಾಗ?"

"ಬಿಸಿ ಆದಾಗ."

"ನೀ ಅಳದದ್ದು ಯಾವಾಗ?"

ನನಗ ಉತ್ತರ ಇರಲಿಲ್ಲ. ಅವ ಹೇಳಿದ, ತಗದು ಬಿಸಿನೀರಾಗ ಇಟ್ಟು ಅಳಿ, ಅಲ್ಲೀ ತನಕ ಹೊಸಾದು ತರಬ್ಯಾಡ ಅಂತ.

7. ಏಪ್ರಿಲ್ 19 ಮತ್ತ 20, ಸೆನ್ಸರ್ ಹೊರಗ ಬರವಲ್ದು

ಬೋಲ್ಟ್ ಸುಮ್ನ ಬಂತು, ಸೆನ್ಸರ್ ಬರಲಿಲ್ಲ. ಅಲ್ಯೂಮಿನಿಯಮ್ ತೂತಿನ್ಯಾಗ ಹದಿನೈದು ವರ್ಷದ ಧೂಳ, ತುಕ್ಕ, ಒಣಗಿದ ಓ-ರಿಂಗ್, ಎಲ್ಲಾ ಸೇರಿ ಸಿಮೆಂಟಿನಂಗ ಹಿಡದಿತ್ತು. ತುಕ್ಕ ಬಿಡಿಸೋ ಸ್ಪ್ರೇ ಹೊಡೆದು ರಾತ್ರಿ ಬಿಟ್ಟೆ. ಮರುದಿನ ಪಕ್ಕಡಿನಿಂದ ಎಡಕ್ಕ ಬಲಕ್ಕ ಸಣ್ಣಗ ತಿರುವಿಕೊಂತ ಹೋಗಿದ್ರ ಬರ್ತಿತ್ತು, ಆದ್ರ ಆಫೀಸಿಗೆ ಹೊತ್ತಾಗಿತ್ತು ಅಂತ ಸ್ಕ್ರೂಡ್ರೈವರ್ ಕೊಟ್ಟು ಮೀಟಿದೆ. ಬೋಲ್ಟ್ ಕೂಡೂ ಕಿವಿ ಪಟ್ ಅಂತ ಮುರೀತು. ಈಗ ಹೊಸಾದು ಬರೂ ತನಕ ಗಾಡಿ ನಿಂತಲ್ಲೇ ನಿಲ್ಲಬೇಕು.

ಕಿವಿ ಮುರದ ಮ್ಯಾಲೆ ನಿಧಾನಕ್ಕ ತಿರುವಿದೆ, ನಾಲ್ಕೇ ನಿಮಿಷದಾಗ ಕೈಗೆ ಬಂತು. ಒಳಗ ಮೈ ಬರೋಬ್ಬರಿ ಐತಿ, ಅದು ದೊಡ್ಡ ಪುಣ್ಯ. ಅರ್ಧ ಮುರದು ಬೆಲ್ ಹೌಸಿಂಗಿನ್ಯಾಗ ಬಿದ್ದಿದ್ರ ಗೇರ್‌ಬಾಕ್ಸ್ ಇಳಿಸಬೇಕಾಗಿತ್ತು. ತುದಿ ಮ್ಯಾಲೆ ಮ್ಯಾಗ್ನೆಟ್ ಇರೂದ್ರಿಂದ ಕರೀ ಕಬ್ಬಿಣದ ಪುಡಿ ಮೆತ್ತಿತ್ತು, ಒರಸಿದೆ. ತೂತಿಗೆ ಸ್ವಚ್ಛ ಅರಬಿ ತುರುಕಿ ಇಟ್ಟೆ.

8. ಏಪ್ರಿಲ್ 20 ರಾತ್ರಿ, ಅಡಗಿಮನ್ಯಾಗ ಬಿಸಿನೀರಿನ ಪರೀಕ್ಷೆ

ಎಲ್ಲಾಕ್ಕಿಂತ ಹೆಚ್ಚು ಗೊತ್ತಾಗಿದ್ದು ಇದರಾಗ, ಖರ್ಚು ಏನೂ ಇಲ್ಲ. ಪಿನ್ನಿಗೆ ಎರಡು ವಾಯರ್ ಸಿಗಿಸಿ ಟೇಪ್ ಸುತ್ತಿ, ಸೆನ್ಸರ್ ದಪ್ಪ ಪ್ಲಾಸ್ಟಿಕ್ ಚೀಲದಾಗ ಹಾಕಿ, ಗಾಳಿ ಹೊರಗ ಹಿಂಡಿ, ನೀರಿನ ಪಾತೇಲಿಯಾಗ ಮುಳುಗಿಸಿದೆ, ಚೀಲದ ಬಾಯಿ ನೀರಿನ ಮ್ಯಾಲೆ. ಮೀಟರಿನ ಜೋಡಿ ಬಂದ, ಬಿಸಿ ಅಳಿಯೂ ಥರ್ಮೋಕಪಲ್ ವಾಯರ್ ಸೆನ್ಸರಿಗೇ ಒತ್ತಿ ಕಟ್ಟಿದ್ನಿ. ಗ್ಯಾಸ್ ಸಣ್ಣಗ. ಥರ್ಮೋಕಪಲ್‌ಗೆ ಒಂದು ಮೀಟರ್, ಓಮಿಗೆ ಬಾಜೂಮನಿಯವರ ಕಡೆ ಇಸ್ಕೊಂಡ ಇನ್ನೊಂದು. ಹೆಂಡ್ತಿ ಬರಕೊಂಡ್ಲು:

30 ಡಿಗ್ರಿ: 870
45 ಡಿಗ್ರಿ: 920
60 ಡಿಗ್ರಿ: 970
70 ಡಿಗ್ರಿ: 1005
74 ಡಿಗ್ರಿ: 1400, 1100, 2300, ನಿಲ್ಲವಲ್ದು
77 ಡಿಗ್ರಿ: ಓಎಲ್, ಅಂದ್ರ ಪೂರ್ತಿ ಓಪನ್

ತಾಮ್ರದ ತಂತಿ ಬಿಸಿಯಾದ್ರ ಓಮ್ ಸಾವಕಾಶ ಏರೂದು ಸಹಜ, 70ರ ತನಕ ಹಂಗ ಏರೇತಿ. ಆಮ್ಯಾಲೆ ಒಳಗ ಎಲ್ಲೋ ಬಿರುಕು ಬಿಟ್ಟ ತಂತಿ ಬಿಟ್ಟುಕೊಂಡೈತಿ. ಪಾತೇಲಿ ಕೆಳಗಿಳಿಸಿದ ಮ್ಯಾಲೆ 66 ಡಿಗ್ರಿಗೆ ಮತ್ತ ಕೂಡ್ಕೊಂತು. ಖಂಬಾಟ್ಕಿಯಾಗ ನಲವತ್ತು ನಿಮಿಷ ನಾವು ಕಾದಿದ್ದು ಇದಕ್ಕ. ಆ ಅಂಕಿ ನೋಡಿದಾಗ ನನಗ ಭಾಳ ಹಗುರಾತು, ಇನ್ನ ಅಂದಾಜು ಅಲ್ಲ.

9. ಏಪ್ರಿಲ್ 22, ನಾನಾ ಪೇಠ, 480 ರೂಪಾಯಿ

ಗಾಡಿ ನಿಂತಿತ್ತು, ಆಫೀಸಿಗೆ ದಿನಾ ರಿಕ್ಷಾ, ಹಿಂಗಾಗಿ ಅವಸರ. ಪುಣೆಯ ನಾನಾ ಪೇಠದ ಒಂದು ಅಂಗಡಿಯಾಗ ಹಳೇದು ತೋರ್ಸಿದೆ, ಅವರು ಅಂಥಾದ್ದ ಒಂದು ಕೊಟ್ರು, 480. ಕನೆಕ್ಟರ್ ಒಂದೇ ನಮೂನಿ, ಬೋಲ್ಟ್ ತೂತು ಒಂದೇ ನಮೂನಿ. ಮನ್ಯಾಗ ವರ್ನಿಯರ್ ಹಚ್ಚಿದ್ರ ಬೋಲ್ಟಿನ ಕಿವಿಯಿಂದ ತುದಿ ತನಕ ಹಳೇದು 24.4 ಎಂಎಂ, ಹೊಸಾದು 23.0. ಒಂದೂವರಿ ಎಂಎಂದಾಗ ಏನಾದೀತು ಅಂತ ಹಾಕಿಬಿಟ್ಟೆ.

ಏನಾತು ಅಂದ್ರ, ಸೆನ್ಸರಿಗೂ ಫ್ಲೈವೀಲಿನ ಹಲ್ಲಿಗೂ ನಡುವ ಇರಬೇಕಾದ ಸಂದು ಮಾಮೂಲಿ ಸುಮಾರು 1 ಎಂಎಂ, ಅದರ ಮ್ಯಾಲೆ ಇನ್ನ 1.4 ಕೂಡ್ತು. ಸೆಲ್ಫ್ ಏಳೆಂಟು ಸೆಕೆಂಡ್ ಹೊಡೆದ ಮ್ಯಾಲೆ ಹತ್ತಿತು, ಐಡಲ್ಲಿನ್ಯಾಗ ಗಡಗಡ ಅಂದು ಎರಡು ಸಲ ಬಂದ್ ಬಿತ್ತು, ಸೆಲ್ಫ್ ಹೊಡೂವಾಗ ಎಸಿ ವೋಲ್ಟ್ ಬರೇ 0.3, ಕೋಡ್ ಪಿ0336, ಅಂದ್ರ ಅದೇ ಸೆನ್ಸರಿನ ಸಿಗ್ನಲ್ ಬರೋಬ್ಬರಿ ಇಲ್ಲ. ವಾಪಸ್ ಒಯ್ದೆ, ಹಚ್ಚಿದ ಎಲೆಕ್ಟ್ರಿಕಲ್ ಸಾಮಾನು ತಗೊಳ್ಳೂದಿಲ್ಲ ಅಂದ್ರು. ಅದು ಅವರ ನೇಮ, ಮೊದಲ ಕೇಳಬೇಕಾಗಿತ್ತು. ಆದ್ರ ಉದ್ದ ಬ್ಯಾರೆ ಇದ್ದ ಸಾಮಾನು ಇದೇ ಗಾಡೀದು ಅಂತ ಮಾರೂದು ನನಗ ಸೇರಲಿಲ್ಲ, ಇದರ ಮ್ಯಾಲೆ ಒಂದು ಮನಿತನ ರೋಡಿನ್ಯಾಗ ನಂಬಿ ಹೋಗ್ತಿರ್ತೈತಿ.

ಹಳೇ ಸೆನ್ಸರಿನ ಮೈ ಮ್ಯಾಲಿನ ನಂಬರ್ ಸೀಮೆಎಣ್ಣಿಯಿಂದ ಒರಸಿ ಓದಿ, ಅದೇ ನಂಬರಿಂದು ಕಂಪನಿ ಡೀಲರ್ ಕಡೆ ಆರ್ಡರ್ ಕೊಟ್ಟೆ. 1,640 ರೂಪಾಯಿ, ಮೂರು ದಿನಕ್ಕ ಬಂತು. ಅಳತಿ 24.4, ಓಮ್ 865. ಹಾಕೂ ಮೊದಲ ಇದನ್ನೂ ಚೀಲದಾಗ ಹಾಕಿ 95 ಡಿಗ್ರಿ ತನಕ ಕಾಸಿದೆ, 1080ರ ಮ್ಯಾಲೆ ಗಟ್ಟಿ ನಿಂತಿತು.

10. ಏಪ್ರಿಲ್ 26, ಕೂಡ್ಸಿದ್ದು

ಬ್ಯಾಟರಿ ಮೈನಸ್ ಬಿಚ್ಚಿದೆ. ತೂತಿನ ಗೋಡಿ ನೈಲಾನ್ ಬ್ರಷ್‌ದಿಂದ ತಿಕ್ಕಿದೆ, ಒಳಗ ಅರಬಿ ಇದ್ದಾಗಲೇ, ಕಸ ಕೆಳಗ ಬೀಳಬಾರದಂತ, ಆಮ್ಯಾಲೆ ಅರಬಿ ಹಗೂರಕ್ಕ ತಗದೆ. ಓ-ರಿಂಗಿಗೆ ಒಂದು ಹನಿ ಎಂಜಿನ್ ಆಯಿಲ್, ತುದಿಗೆ ಏನೂ ಹಚ್ಚಲಿಲ್ಲ. ಕೈಯಿಂದ ಒತ್ತಿದ್ರ ಕುಂದ್ರಬೇಕು, ಸುತ್ತಿಗಿ ಬ್ಯಾಡ, ಬೋಲ್ಟ್ ಬಿಗಿ ಮಾಡಿ ಒಳಗ ಎಳಸೂದೂ ಬ್ಯಾಡ, ಕಿವಿ ಮತ್ತ ಮುರದೀತು. ಎಂ6 ಬೋಲ್ಟಿಗೆ 8 ನ್ಯೂಟನ್ ಮೀಟರ್ ಕೊಟ್ಟೆ. ಕನೆಕ್ಟರಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿದ ಮ್ಯಾಲೆ ಟಕ್ ಅನ್ನೂ ತನಕ ಒತ್ತಿದೆ. ಸವದ ಕಾಂಡ್ಯೂಟ್ ಬದಲಿ ಮಾಡಿ, ಸೈಲೆನ್ಸರ್ ಪೈಪಿನಿಂದ ದೂರ ಇರೂವಂಗ ಎರಡು ಕೇಬಲ್ ಟೈ. 25 ನಿಮಿಷ.

ಕೋಡ್ ಅಳಿಸಿದೆ. ಮೊದಲ ಸೆಲ್ಫಿಗೆ ಹತ್ತಿತು, ಫೋನಿನ್ಯಾಗ 225, ಆಮ್ಯಾಲೆ ಐಡಲ್ 780. ನಮ್ಮ ಗಾಡಿಗೆ ರೀಲರ್ನ್ (ಇಸಿಯುಗೆ ಹೊಸಾ ಸೆನ್ಸರ್ ಗುರ್ತು ಮಾಡ್ಸೂದು) ಬೇಕಾಗಲಿಲ್ಲ, ಕೆಲವಕ್ಕ ಸ್ಕ್ಯಾನರ್ ಹಚ್ಚಿ ಮಾಡಿಸಬೇಕಾಗತೈತಿ, ಮೊದಲ ವಿಚಾರಿಸಿಟ್ಟುಕೊಳ್ರಿ.

ಖರ್ಚು: ಡಾಂಗಲ್ 650, ಸ್ಪ್ರೇ 190, ಕಾಂಟ್ಯಾಕ್ಟ್ ಕ್ಲೀನರ್ 230, ಕ್ಲಿಪ್, ಟೈ, ಕಾಂಡ್ಯೂಟ್ 120, ಸೆನ್ಸರ್ 1,640. ಒಟ್ಟು 2,830. ವ್ಯರ್ಥ ಹೋಗಿದ್ದು ಪಂಪ್ 4,200, ಗಿಡ್ಡ ಸೆನ್ಸರ್ 480. ರಿಕ್ಷಾ ಬಾಡಗಿ ಬರಕೊಂಡಿಲ್ಲ.

11. ಏಪ್ರಿಲ್ 27ರಿಂದ ಮೇ 2

ಪಾರ್ಕಿಂಗಿನ್ಯಾಗ ಎಸಿ ಹಚ್ಚಿ ಒಂದೂವರಿ ತಾಸು ಐಡಲ್, ಬಂದ್ ಬೀಳಲಿಲ್ಲ. ಮರುದಿನ ಮಧ್ಯಾಹ್ನ ಹಳೇ ಕಾತ್ರಜ್ ಘಾಟ್ ಎರಡು ಸಲ ಹತ್ತಿ ಇಳದೆ, ಮ್ಯಾಲೆ ನಿಂದ್ರಿಸಿ ಹತ್ತು ನಿಮಿಷ ಬಿಟ್ಟು ಮತ್ತ ಚಾಲೂ ಮಾಡಿದೆ, ಯಾಕಂದ್ರ ಎಂಜಿನ್ ಬಂದ್ ಮಾಡಿದ ಮ್ಯಾಲೆ ಗಾಳಿ ಆಡದ ಸೆನ್ಸರ್ ಇನ್ನೂ ಹೆಚ್ಚು ಬಿಸಿಯಾಗತೈತಿ. ಎರಡೂ ಸಲ ಒಂದೇ ಸೆಲ್ಫಿಗೆ ಹತ್ತಿತು.

ಮೇ 2ಕ್ಕ ಅವ್ವನ್ನ ಧಾರವಾಡಕ್ಕ ಬಿಡಾಕ ಹೊಂಟ್ವಿ. ಬ್ಯಾಡ ಬಸ್ಸಿಗೆ ಹೋಗ್ತೀನಿ ಅಂದಿದ್ಲು, ಪಾತೇಲಿ ಅಂಕಿ ಬರದ ಹಾಳಿ ತೋರ್ಸಿ ಒಪ್ಪಿಸಿದೆ. ಖಂಬಾಟ್ಕಿಯಾಗ ಅದೇ ಹೊತ್ತು, ಅದೇ ಬಿಸಲು, ಎಸಿ ಹಚ್ಚಿ ಎರಡನೇ ಗೇರಿನ್ಯಾಗ ಹತ್ತಿದ್ವಿ. ಹೆಂಡ್ತಿ ಕಣ್ಣು ಆರ್‌ಪಿಎಂ ಮುಳ್ಳಿನ ಮ್ಯಾಲೆ ಇತ್ತು, ಅದು 2800ರ ಆಸುಪಾಸು ಅಲ್ಲೇ ನಿಂತಿತ್ತು. ಹೋದ ಸಲ ನಿಂತ ಜಾಗಾ ದಾಟಿದ ಮ್ಯಾಲೆ ಅವ್ವ, "ಆ ಕಲ್ಲು ಎಲ್ಲಿಟ್ಟಿ?" ಅಂತ ಕೇಳಿದ್ಲು. ಡಿಕ್ಕಿಯಾಗ ಐತಿ ಅಂದೆ. "ಇರ್ಲಿ ಬಿಡು" ಅಂದ್ಲು.